ಎರಡೇ ದೀಪ ಹತ್ತಿದ ದಿನ

ಚಕ್ರ ಇಳಿಸುವ ಲಿವರನ್ನು ಕೆಳಗೆ ಒತ್ತಿದೆ. ಎರಡು ಹಸಿರು ದೀಪ ಹತ್ತಿದವು. ಮೂರನೆಯದು ಹತ್ತಲಿಲ್ಲ.

ನಮ್ಮದು ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಪುಟ್ಟ ವಿಮಾನ. ನಾನು ಮತ್ತು ಇಬ್ಬರು ಗೆಳೆಯರು ಸೇರಿ ಕೊಂಡದ್ದು. ಹಾರುವಾಗ ಇದರ ಚಕ್ರಗಳು ಒಳಗೆ ಮಡಚಿಕೊಳ್ಳುತ್ತವೆ. ಚಕ್ರ ಹೊರಗಿದ್ದರೆ ಗಾಳಿ ತಡೆಯುತ್ತದೆ, ಒಳಗೆ ಹೋದರೆ ಅದೇ ಎಂಜಿನ್ನಿನಲ್ಲಿ ಇನ್ನಷ್ಟು ವೇಗ ಸಿಗುತ್ತದೆ. ಅದಕ್ಕೆ ಬೆಲೆಯಾಗಿ ಒಂದು ಪಂಪು, ಹೈಡ್ರಾಲಿಕ್ ಎಣ್ಣೆ, ಕೊಳವೆಗಳು, ಸ್ವಿಚ್ಚುಗಳು, ಸ್ಪ್ರಿಂಗುಗಳು, ಕೀಲುಗಳು ಎಲ್ಲವನ್ನೂ ಹೊತ್ತುಕೊಂಡು ತಿರುಗಬೇಕು. ಇವುಗಳಲ್ಲಿ ಯಾವುದು ಬೇಕಾದರೂ ಕೈಕೊಡಬಹುದು ಅಂತ ಕಲಿಯುವಾಗ ಹೇಳಿಕೊಟ್ಟಿರುತ್ತಾರೆ. ಪರೀಕ್ಷೆಯಲ್ಲಿ ಬರೆದೂ ಇರುತ್ತೇವೆ. ಆದರೆ ನೆಲದಿಂದ ಸಾವಿರ ಅಡಿ ಎತ್ತರದಲ್ಲಿ, ರನ್‌ವೇ ಪಕ್ಕದಲ್ಲೇ ಹಾರುತ್ತಾ, ಇನ್ನು ಎರಡು ನಿಮಿಷಕ್ಕೆ ಇಳಿದುಬಿಡುತ್ತೇನೆ ಅನ್ನುವ ಹೊತ್ತಿನಲ್ಲಿ ಆ ಮೂರನೇ ದೀಪ ಕಪ್ಪಾಗಿಯೇ ಉಳಿದರೆ ಮನಸ್ಸಿಗೆ ಏನಾಗುತ್ತದೆ ಅನ್ನುವುದನ್ನು ಯಾರೂ ಹೇಳಿಕೊಡಲು ಆಗುವುದಿಲ್ಲ.

ಪಕ್ಕದ ಸೀಟಿನಲ್ಲಿ ನನ್ನ ತಂಗಿ ಇದ್ದಳು. ಅವಳಿಗೆ ವಿಮಾನ ಹಾರಿಸಲು ಬರುವುದಿಲ್ಲ. ಆದರೆ ನನ್ನ ಜೊತೆ ಎಷ್ಟೋ ಸಲ ಬಂದಿದ್ದರಿಂದ ಮೂರು ಹಸಿರು ಬರಬೇಕು ಅನ್ನುವುದು ಅವಳಿಗೆ ಗೊತ್ತಿತ್ತು.

"ಅಣ್ಣಾ, ಮುಂದಿನ ಚಕ್ರದ್ದು ಬರ್ಲಿಲ್ಲ ಅಲ್ವಾ?" ಅಂದಳು.

"ಬರ್ಲಿಲ್ಲ," ಅಂದೆ.

ದೀಪ ಹತ್ತಲಿಲ್ಲ ಅಂದ ಮಾತ್ರಕ್ಕೆ ಚಕ್ರ ಇಳಿದಿಲ್ಲ ಅಂತಲ್ಲ. ಒಂದೊಂದು ಚಕ್ರದ ಕಾಲಿಗೂ ಒಂದು ಸಣ್ಣ ಸ್ವಿಚ್ಚಿರುತ್ತದೆ. ಕಾಲು ಪೂರ್ತಿ ಇಳಿದು, ಬೀಗ ಬಿದ್ದಾಗ ಆ ಸ್ವಿಚ್ಚು ಒತ್ತಿಕೊಂಡು ದೀಪ ಹತ್ತುತ್ತದೆ. ಹಾಗಾಗಿ ದೀಪ ಹತ್ತದಿರಲು ಬಲ್ಬು ಸುಟ್ಟಿರಬಹುದು, ತಂತಿ ಬಿಟ್ಟಿರಬಹುದು, ಸ್ವಿಚ್ಚಿಗೆ ಮಣ್ಣು ಮೆತ್ತಿರಬಹುದು, ಇಲ್ಲವೇ ನಿಜಕ್ಕೂ ಕಾಲು ಬೀಗ ಬೀಳದೆ ತೂಗಾಡುತ್ತಿರಬಹುದು. ಚಕ್ರವನ್ನು ನಾವು ಕಣ್ಣಾರೆ ನೋಡುವುದಿಲ್ಲ. ಅದರ ಬಗ್ಗೆ ಆ ಸ್ವಿಚ್ಚು ಹೇಳಿದ್ದೇ ನಮಗೆ ಗೊತ್ತಾಗುವುದು.

ನಮ್ಮ ವಿಮಾನದಲ್ಲಿ ಇನ್ನೆರಡು ಸಾಕ್ಷಿಗಳಿದ್ದವು. ಚಕ್ರ ಮೇಲೂ ಇಲ್ಲ, ಕೆಳಗೂ ಇಲ್ಲ ಅನ್ನುವಾಗ ಹತ್ತುವ ಕೆಂಪು ದೀಪ ಒಂದು. ಅದು ಆರಿರಲಿಲ್ಲ. ಹೈಡ್ರಾಲಿಕ್ ಪಂಪಿನ ಮೋಟಾರಿನ ಸದ್ದು ಇನ್ನೊಂದು. ಮಾಮೂಲಿಯಾಗಿ ಕೆಲವು ಸೆಕೆಂಡು ಗುಂಯ್ ಅಂದು, ಮೂರೂ ಚಕ್ರ ಬೀಗ ಬಿದ್ದ ಮೇಲೆ ನಿಂತುಬಿಡುವ ಆ ಸದ್ದು ಅವತ್ತು ನಿಲ್ಲಲೇ ಇಲ್ಲ. ಇವೆರಡನ್ನೂ ಸೇರಿಸಿ ನೋಡಿದ್ದರೆ ಇದು ಬಲ್ಬಿನ ತೊಂದರೆ ಅಲ್ಲ ಅಂತ ಆಗಲೇ ತಿಳಿಯಬೇಕಿತ್ತು. ನಾನು ಮಾತ್ರ ಬಲ್ಬಿಗೆ ಕೈ ಹಾಕಿದೆ.

ಅಲ್ಲೇ ತಪ್ಪಿದ್ದು. ಈ ದೀಪಗಳನ್ನು ಎಳೆದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ ನೋಡಬಹುದು, ಹತ್ತುತ್ತಿರುವ ಬಲ್ಬನ್ನು ಹತ್ತದ ಜಾಗಕ್ಕೆ ಹಾಕಿದರೆ ತಪ್ಪು ಯಾರದ್ದು ಅಂತ ಗೊತ್ತಾಗುತ್ತದೆ. ಮಾಡಬೇಕಾದ ಕೆಲಸವೇ ಅದು. ಆದರೆ ಅದನ್ನು ನಾನು ರನ್‌ವೇ ಪಕ್ಕದಲ್ಲಿ, ಅಷ್ಟು ಕೆಳಗೆ, ಒಂದು ಕೈ ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು, ತಲೆ ಬಗ್ಗಿಸಿಕೊಂಡು ಮಾಡುತ್ತಿದ್ದೆ. ಬೆರಳಿನಷ್ಟು ದಪ್ಪವೂ ಇಲ್ಲದ ಆ ಬಲ್ಬು ಕೈಗೆ ಸಿಗುತ್ತಿರಲಿಲ್ಲ. ಎರಡು ಚಕ್ರ ಹೊರಗೆ ಬಂದು ಗಾಳಿ ತಡೆಯುತ್ತಿದ್ದವು, ನಾನು ಎಂಜಿನ್ನಿನ ಶಕ್ತಿ ಹೆಚ್ಚಿಸಿರಲಿಲ್ಲ. "ಅಣ್ಣಾ, ನಾವು ಕೆಳಗೆ ಹೋಗ್ತಾ ಇದೀವಾ?" ಅಂತ ತಂಗಿ ಕೇಳಿದಾಗಲೇ ತಲೆ ಎತ್ತಿದ್ದು. ಸಾವಿರ ಅಡಿ ಇದ್ದದ್ದು ಏಳುನೂರಕ್ಕೆ ಬಂದಿತ್ತು. ವೇಗವೂ ಇಳಿದಿತ್ತು. ಮುನ್ನೂರು ಅಡಿ ಕಳೆದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಚಕ್ರ ಮಡಚಿಕೊಂಡು ರನ್‌ವೇ ಮೇಲೆ ಜಾರಿದ್ದಕ್ಕಿಂತ ಆ ಮುನ್ನೂರು ಅಡಿಯೇ ನನಗೆ ಇವತ್ತಿಗೂ ಜಾಸ್ತಿ ನೆನಪಾಗುತ್ತದೆ. ಈ ಬರಹ ಬರೆಯಲು ಕಾರಣವೂ ಅದೇ.

1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್ 401 ಅನ್ನುವ ವಿಮಾನ ಬಿದ್ದದ್ದು ಹೀಗೆಯೇ. ಅದು ದೊಡ್ಡ ಜೆಟ್, ಲಾಕ್‌ಹೀಡ್ ಎಲ್-1011. ಮುಂದಿನ ಚಕ್ರದ ಹಸಿರು ದೀಪ ಹತ್ತಲಿಲ್ಲ. ಎರಡು ಸಾವಿರ ಅಡಿಗೆ ಏರಿ, ಆಟೋಪೈಲಟ್ ಹಾಕಿ, ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ಎತ್ತರ ಹಿಡಿದಿಡಬೇಕಿದ್ದ ಆಟೋಪೈಲಟ್ ಆ ಕೆಲಸ ಬಿಟ್ಟುಕೊಟ್ಟದ್ದು ಯಾರಿಗೂ ತಿಳಿಯಲಿಲ್ಲ. ವಿಮಾನ ಮೆಲ್ಲಗೆ ಇಳಿಯುತ್ತಾ ಹೋಯಿತು. ಎತ್ತರ ಕಡಿಮೆಯಾಗುತ್ತಿದೆ ಅಂತ ಎಚ್ಚರಿಸುವ ಗಂಟೆ ಸದ್ದು ಮಾಡಿತು, ಯಾರೂ ಗಮನಿಸಲಿಲ್ಲ. ಕತ್ತಲಲ್ಲಿ ಎವರ್‌ಗ್ಲೇಡ್ಸ್ ಜೌಗಿಗೆ ಬಡಿಯಿತು. 101 ಜನ ಸತ್ತರು. ಸುಟ್ಟುಹೋಗಿದ್ದು ಬಲ್ಬು. ಈ ಕತೆ ನನಗೆ ಗೊತ್ತಿತ್ತು. ಪೈಲಟ್ ಆಗುವವರಿಗೆಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ನಾನು ಅದನ್ನೇ ಮಾಡುತ್ತಿದ್ದೆ.

ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ಮುಂದೆ ತಳ್ಳಿ ಮೇಲೇರಿದೆ. ವಿಮಾನ ನಿಲ್ದಾಣದ ಕಂಟ್ರೋಲ್ ಟವರಿಗೆ ಹೇಳಿದೆ: ಮುಂದಿನ ಚಕ್ರ ಬೀಗ ಬಿದ್ದಂತೆ ಕಾಣುತ್ತಿಲ್ಲ, ಈಗ ಇಳಿಯುವುದಿಲ್ಲ, ಎಲ್ಲಾದರೂ ಒಂದು ಕಡೆ ಸುತ್ತು ಹೊಡೆಯಲು ಜಾಗ ಕೊಡಿ. ಆ ಕಡೆಯ ದನಿ ತುಂಬ ಶಾಂತವಾಗಿತ್ತು. ಮೂರು ಸಾವಿರ ಅಡಿಗೆ ಹೋಗಿ, ಅಲ್ಲಿ ಯಾರೂ ಇಲ್ಲ ಅಂದರು. ತುರ್ತು ಪರಿಸ್ಥಿತಿ ಅಂತ ಘೋಷಿಸುತ್ತೀರಾ ಅಂತಲೂ ಕೇಳಿದರು. ನಾನು ಒಂದು ಕ್ಷಣ ತಡೆದೆ. ಯಾಕೆ ತಡೆದೆ ಅಂತ ಆಮೇಲೆ ಯೋಚಿಸಿದ್ದೇನೆ. ಆ ಮಾತು ಬಾಯಿಂದ ಬಂದರೆ ಅದು ನಿಜವಾಗಿಬಿಡುತ್ತದೆ ಅನ್ನುವ ಅಳುಕು, ಬೇರೇನೂ ಅಲ್ಲ. ಆಮೇಲೆ ಹೌದು ಅಂದೆ. ಎಷ್ಟು ಜನ ಇದ್ದೀರಿ, ಎಷ್ಟು ಹೊತ್ತಿನ ಇಂಧನ ಇದೆ ಅಂತ ಕೇಳಿದರು. ಇಬ್ಬರು, ಎರಡೂವರೆ ಗಂಟೆ ಅಂದೆ.

ಎರಡೂವರೆ ಗಂಟೆ ಅಂತ ಜೋರಾಗಿ ಹೇಳಿದ್ದೇ ಮನಸ್ಸು ಸ್ವಲ್ಪ ಸಮಾಧಾನವಾಯಿತು. ಎಂಜಿನ್ ನಿಂತರೆ ಟೈಮ್ ಇರುವುದಿಲ್ಲ. ಬೆಂಕಿ ಬಿದ್ದರೆ ಇರುವುದಿಲ್ಲ. ಚಕ್ರ ಇಳಿಯದಿದ್ದರೆ ಟ್ಯಾಂಕಿನಲ್ಲಿ ಎಷ್ಟು ಇಂಧನ ಇದೆಯೋ ಅಷ್ಟು ಟೈಮ್ ಇದೆ. ವಿಮಾನ ಚೆನ್ನಾಗಿಯೇ ಹಾರುತ್ತಿರುತ್ತದೆ, ಅದಕ್ಕೆ ಚಕ್ರದ ನೆನಪೂ ಇರುವುದಿಲ್ಲ.

ಕೈಪಿಡಿ ತೆಗೆದು ತಂಗಿಯ ಕೈಗೆ ಕೊಟ್ಟೆ. ತುರ್ತು ಭಾಗ, ಲ್ಯಾಂಡಿಂಗ್ ಗೇರ್ ಅಂತ ಇರುವ ಪುಟ ತೆಗೆದು ಒಂದೊಂದೇ ಸಾಲು ಜೋರಾಗಿ ಓದು, ನಾನು ಮಾಡಿದೆ ಅಂದ ಮೇಲೆ ಮಾತ್ರ ಮುಂದಿನ ಸಾಲು ಅಂದೆ. ಇನ್ನೊಂದು ಕೆಲಸವನ್ನೂ ಕೊಟ್ಟೆ: ಎತ್ತರದ ಮುಳ್ಳು ಮೂರು ಸಾವಿರದಿಂದ ನೂರು ಅಡಿ ಆಚೀಚೆ ಹೋದರೂ ಕೂಗು. ಅವಳು ಎರಡನ್ನೂ ಮಾಡಿದಳು. ಒಮ್ಮೆ ನಿಜಕ್ಕೂ ಕೂಗಿದಳು.

ಮೊದಲ ಸಾಲು, ಪ್ಯಾನೆಲ್ಲಿನ ಲೈಟು ಆರಿಸಿದೆಯಾ. ಇದು ವಿಚಿತ್ರ ಅನ್ನಿಸಬಹುದು, ಆದರೆ ಬೇಕಾದದ್ದೇ. ರಾತ್ರಿ ಕಣ್ಣಿಗೆ ಚುಚ್ಚಬಾರದು ಅಂತ, ಕೆಲವು ವಿಮಾನಗಳಲ್ಲಿ ಪ್ಯಾನೆಲ್ ಲೈಟು ಹಾಕಿದರೆ ಚಕ್ರದ ಹಸಿರು ದೀಪಗಳು ಮಂಕಾಗುತ್ತವೆ. ಹಗಲಿನಲ್ಲಿ ಯಾರಾದರೂ ಆ ಸ್ವಿಚ್ಚು ಹಾಕಿಟ್ಟು ಮರೆತರೆ ಬಿಸಿಲಿನ ಬೆಳಕಲ್ಲಿ ಮೂರೂ ದೀಪ ಆರಿದಂತೆಯೇ ಕಾಣುತ್ತವೆ. ಪೈಪರ್ ಆ್ಯರೋ ಅನ್ನುವ ಸಣ್ಣ ವಿಮಾನ ಹಾರಿಸಿದವರನ್ನು ಕೇಳಿ, ಇದನ್ನು ಹೇಳುತ್ತಾರೆ. ನಮ್ಮದರಲ್ಲಿ ಸ್ವಿಚ್ಚು ಆರಿತ್ತು. ಎರಡು ದೀಪ ಚೆನ್ನಾಗಿಯೇ ಹತ್ತಿದ್ದವು.

ಎರಡನೆಯದು, ಸರ್ಕಿಟ್ ಬ್ರೇಕರ್, ವಿದ್ಯುತ್ ಹೆಚ್ಚಾದರೆ ಹೊರಗೆ ಚಿಮ್ಮಿ ಅದನ್ನು ಕಡಿದುಹಾಕುವ ಗುಂಡಿಗಳು. ಒಂದೊಂದನ್ನೂ ಬೆರಳಿಂದ ಮುಟ್ಟಿ ನೋಡಿದೆ. ಎಲ್ಲವೂ ಒಳಗೇ ಇದ್ದವು. ಸುಮ್ನೆ ಕಣ್ಣು ಹಾಯಿಸಿದರೆ ಸಾಲದು, ಮುಟ್ಟಲೇಬೇಕು. 2011ರ ನವೆಂಬರ್ 1ರಂದು ಪೋಲೆಂಡಿನ ವಾರ್ಸಾದಲ್ಲಿ ಲೋಟ್ ಕಂಪನಿಯ ಬೋಯಿಂಗ್ 767 ಒಂದು ಚಕ್ರವೇ ಇಲ್ಲದೆ ಹೊಟ್ಟೆಯ ಮೇಲೆ ಇಳಿಯಿತು. ಒಳಗೆ 231 ಜನ. ಕ್ಯಾಪ್ಟನ್ ತಡೆಯುಶ್ ವ್ರೋನಾ ಅದನ್ನು ಎಷ್ಟು ಮೆಲ್ಲಗೆ ಇಳಿಸಿದರು ಅಂದರೆ ಎಲ್ಲರೂ ಉಳಿದುಕೊಂಡರು. ಹೈಡ್ರಾಲಿಕ್ ಎಣ್ಣೆ ಸೋರಿಹೋಗಿತ್ತು, ಅದರ ಬದಲಿಗೆ ಇದ್ದ ವಿದ್ಯುತ್ ವ್ಯವಸ್ಥೆಯೂ ಕೆಲಸ ಮಾಡಲಿಲ್ಲ. ಆಮೇಲೆ ನೋಡಿದರೆ ಒಂದು ಬ್ರೇಕರ್ ಹೊರಗೆ ಬಂದಿತ್ತು. ವಿಮಾನವನ್ನು ಎತ್ತಿ ನಿಲ್ಲಿಸಿ, ಅದನ್ನು ಒತ್ತಿ ನೋಡಿದಾಗ ಚಕ್ರಗಳು ಇಳಿದವು. ಅಂಥ ಅನುಭವಿಗಳ ಕಣ್ಣಿಗೂ ಬೀಳದ್ದು ನಮ್ಮಂಥವರ ಕಣ್ಣಿಗೆ ತಾನಾಗಿ ಬೀಳುತ್ತದೆ ಅಂದುಕೊಳ್ಳಬಾರದು.

ಬಲ್ಬು ಬದಲಿಸುವುದನ್ನು ಈಗ ಸರಿಯಾಗಿ ಮಾಡಿದೆ. ಮೇಲಿದ್ದೆವು, ವಿಮಾನ ನೆಟ್ಟಗೆ ಹಾರುತ್ತಿತ್ತು, ತಂಗಿ ಮುಳ್ಳು ನೋಡುತ್ತಿದ್ದಳು. ಬಲ್ಬು ಸರಿಯಾಗಿತ್ತು. ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದರೆ ಎಚ್ಚರಿಕೆಯ ಹಾರ್ನ್ ಕೂಗಿತು. ಚಕ್ರ ಬೀಗ ಬಿದ್ದಿಲ್ಲ ಅನ್ನುವುದಕ್ಕೆ ಈಗ ಅನುಮಾನವೇ ಉಳಿಯಲಿಲ್ಲ.

ಆಮೇಲಿನದು ವೇಗ ಇಳಿಸಿ ತುರ್ತು ಲಿವರ್ ಹಾಕುವುದು. ಇದರ ಲೆಕ್ಕಾಚಾರ ನನಗೆ ಇಷ್ಟ. ನಮ್ಮ ವಿಮಾನದಲ್ಲಿ ಚಕ್ರಗಳನ್ನು ಮೇಲೆ ಹಿಡಿದಿಡುವುದು ಬರೀ ಎಣ್ಣೆಯ ಒತ್ತಡ. ತುರ್ತು ಲಿವರ್ ಒತ್ತಿದರೆ ಆ ಒತ್ತಡ ಬಿಟ್ಟುಹೋಗುತ್ತದೆ, ಕಾಲುಗಳು ತಮ್ಮ ಭಾರಕ್ಕೇ ಬೀಳುತ್ತವೆ. ಹಿಂದಿನ ಎರಡು ಕಾಲು ಪಕ್ಕಕ್ಕೆ ತೂಗಿ ಇಳಿಯುವುದರಿಂದ ಅವಕ್ಕೆ ಕಷ್ಟವಿಲ್ಲ. ಮುಂದಿನದು ಹಿಂದಕ್ಕೆ ಮಡಚಿಕೊಂಡಿರುತ್ತದೆ. ಅದು ಇಳಿಯಬೇಕಾದರೆ ಎದುರು ಬರುವ ಗಾಳಿಯನ್ನು ತಳ್ಳಿಕೊಂಡು ಮುಂದಕ್ಕೆ ಬರಬೇಕು. ಅದಕ್ಕೆ ಸಹಾಯ ಮಾಡಲು ಒಂದು ಸ್ಪ್ರಿಂಗ್ ಇದೆ. ವೇಗ ಕಡಿಮೆಯಾದಷ್ಟೂ ಗಾಳಿಯ ಒತ್ತು ಕಡಿಮೆ, ಸ್ಪ್ರಿಂಗಿನ ಕೆಲಸ ಸುಲಭ. ಅದಕ್ಕೇ ಕೈಪಿಡಿಯಲ್ಲಿ ಮೊದಲು ನಿಧಾನ ಮಾಡಿ, ಆಮೇಲೆ ಲಿವರ್ ಅಂತ ಇರುವುದು.

ಎಲ್ಲ ವಿಮಾನದಲ್ಲೂ ಹೀಗೇ ಇರುವುದಿಲ್ಲ. ಮಡಚುವ ಚಕ್ರದ ಸೆಸ್ನಾ 172ರಲ್ಲಿ ಎರಡು ಸೀಟಿನ ನಡುವೆ ಕೈಪಂಪು ಇರುತ್ತದೆ, ಗಟ್ಟಿಯಾಗುವವರೆಗೂ ಒತ್ತುತ್ತಲೇ ಇರಬೇಕು. ಬೊನಾಂಜಾದಲ್ಲಿ ಸೀಟಿನ ಹಿಂದೆ ಒಂದು ಹಿಡಿ, ಸುಮಾರು 50 ಸುತ್ತು ತಿರುಗಿಸಬೇಕು. ಒಬ್ಬರೇ ಇದ್ದರೆ ಹಿಂದಕ್ಕೆ ಕೈ ಚಾಚಿ ತಿರುಗಿಸುತ್ತಾ ವಿಮಾನವನ್ನೂ ನೆಟ್ಟಗೆ ಇಟ್ಟುಕೊಳ್ಳುವುದು ಸಣ್ಣ ಕೆಲಸ ಅಲ್ಲ. ಹಳೆಯ ಮೂನಿಗಳಲ್ಲಿ ಪಂಪೂ ಇಲ್ಲ, ಮೋಟಾರೂ ಇಲ್ಲ, ಉದ್ದನೆಯ ಕಬ್ಬಿಣದ ಹಿಡಿಯನ್ನು ತೋಳಿನ ಬಲದಿಂದಲೇ ಎಳೆದು ಚಕ್ರ ಏರಿಸಿ ಇಳಿಸುತ್ತಾರೆ. ಅಂಥದ್ದರಲ್ಲಿ ಹಾರುವ ಒಬ್ಬ ಗೆಳೆಯ ತನ್ನದೇ ಒಳ್ಳೆಯದು ಅನ್ನುತ್ತಾನೆ. ನಾನು ಈಗ ಒಪ್ಪುತ್ತೇನೆ.

ನಿಮ್ಮ ವಿಮಾನದ ತುರ್ತು ಹಿಡಿಯನ್ನು ಒಮ್ಮೆಯಾದರೂ, ಶಿಕ್ಷಕರ ಜೊತೆ, ಆರಾಮಾಗಿರುವ ದಿನ ಬಳಸಿ ನೋಡಿ. ದಯವಿಟ್ಟು. ನಾನು ನಮ್ಮದನ್ನು ಮೂರು ವರ್ಷದ ಹಿಂದೆ ಒಮ್ಮೆ ಬಳಸಿದ್ದೆ, ಎಷ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು ಅನ್ನುವುದೇ ಮರೆತುಹೋಗಿತ್ತು.

ಲಿವರ್ ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಇಪ್ಪತ್ತು ಸೆಕೆಂಡು ಹಿಡಿದೆ. ಹಸಿರು ಎರಡೇ.

ಮುಂದಿನ ಸಾಲನ್ನು ತಂಗಿ ಎರಡು ಸಲ ಓದಿದಳು, ಅವಳಿಗೆ ನಂಬಿಕೆ ಬರಲಿಲ್ಲ. ರಡ್ಡರ್ ಪೆಡಲ್ ಒತ್ತಿ ವಿಮಾನದ ಮೂತಿಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಅಲ್ಲಾಡಿಸಿ ಅಂತ ಅಲ್ಲಿತ್ತು. ಅರ್ಧ ಇಳಿದ ಕಾಲನ್ನು ಕುಲುಕಿ ಕೂರಿಸುವ ಉಪಾಯ. ಅವಳಿಗೆ ಗಟ್ಟಿಯಾಗಿ ಹಿಡಿದುಕೋ ಅಂದು, ಅಲ್ಲಾಡಿಸಿದೆ. ಎರಡನೇ ಸಲಕ್ಕೆ ಹಸಿರು ದೀಪ ಒಂದು ಕ್ಷಣ ಹತ್ತಿ ಆರಿತು. ಇಬ್ಬರೂ ನೋಡಿದೆವು. ಆಮೇಲೆ ಎಷ್ಟು ಅಲ್ಲಾಡಿಸಿದರೂ ಬರಲಿಲ್ಲ. ಆ ಒಂದು ಕ್ಷಣದ ಬೆಳಕಿಂದ ಒಂದು ವಿಷಯ ಗೊತ್ತಾಯಿತು, ಕಾಲು ಹೆಚ್ಚು ಕಡಿಮೆ ಪೂರ್ತಿ ಇಳಿದಿದೆ, ಬೀಗ ಮಾತ್ರ ಬೀಳುತ್ತಿಲ್ಲ.

ಈಗ ದೊಡ್ಡ ಆಸೆ ಒಂದೇ. ಲಿವರ್ ಮೇಲೆ ಎಳೆದು ಮೂರೂ ಚಕ್ರ ಒಳಗೆ ತೆಗೆದುಕೊಂಡು ಇನ್ನೊಮ್ಮೆ ಇಳಿಸಿ ನೋಡೋಣ ಅನ್ನುವುದು. ಟೀವಿ ಕೆಟ್ಟರೆ ಆರಿಸಿ ಹಾಕಿ ನೋಡುತ್ತೇವಲ್ಲ, ಹಾಗೆ. ಇದರ ಬಗ್ಗೆ ಪೈಲಟ್‌ಗಳಲ್ಲಿ ಎರಡು ಮಾತಿದೆ, ವಿಮಾನದಿಂದ ವಿಮಾನಕ್ಕೆ ಕೈಪಿಡಿಯೂ ಬೇರೆ ಹೇಳುತ್ತದೆ. ನಾನು ಮಾಡಲಿಲ್ಲ. ಹಿಂದಿನ ಎರಡು ಕಾಲು ಗಟ್ಟಿಯಾಗಿ ಬೀಗ ಬಿದ್ದು ನಿಂತಿದ್ದವು. ಎಣ್ಣೆ ಎಲ್ಲಾದರೂ ಸೋರುತ್ತಿದ್ದರೆ ಅವನ್ನು ಒಳಗೆ ಎಳೆದ ಮೇಲೆ ಮತ್ತೆ ಬರುತ್ತವೆ ಅನ್ನುವ ಭರವಸೆ ಏನು? ಎರಡು ಬಂದು ಒಂದು ಬಾರದಿದ್ದರೆ ಇನ್ನೂ ಕೆಟ್ಟದ್ದು. ಮುಂದಿನ ಚಕ್ರ ಇಲ್ಲದೆ ನೆಟ್ಟಗೆ ಜಾರಬಹುದು, ಒಂದು ಪಕ್ಕದ್ದು ಇಲ್ಲದಿದ್ದರೆ ರೆಕ್ಕೆ ನೆಲಕ್ಕೆ ತಾಗಿ ವಿಮಾನ ಗಿರಕಿ ಹೊಡೆಯುತ್ತದೆ. ಟವರಿನವರು ನಮ್ಮ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಅವರ ಮಾತನ್ನು ನನಗೆ ರೇಡಿಯೋದಲ್ಲಿ ಹೇಳಿದರು. ಅವರೂ ಅದನ್ನೇ ಅಂದರು: ಇದ್ದದ್ದನ್ನು ಕಳಕೊಳ್ಳಬೇಡಿ.

ಟವರ್ ಮುಂದೆ ಕೆಳಗಿಂದ ಒಂದು ಸಲ ಹಾರಿ ಹೋದೆ. ದುರ್ಬೀನಿನಲ್ಲಿ ನೋಡಿ, ಮೂರೂ ಚಕ್ರ ಇಳಿದಂತೆ ಕಾಣುತ್ತಿದೆ ಅಂದರು. ತಂಗಿಯ ಮುಖ ಅರಳಿತು. ಅವಳಿಗೆ ಬೇಸರ ಮಾಡಲು ನನಗೆ ಮನಸ್ಸಿರಲಿಲ್ಲ, ಆದರೂ ಹೇಳಿದೆ: ಇಳಿದಿರುವುದು ಕಾಣುತ್ತದೆ, ಬೀಗ ಬಿದ್ದಿದೆಯಾ ಅನ್ನುವುದು ಅಲ್ಲಿಂದ ಯಾರಿಗೂ ಕಾಣುವುದಿಲ್ಲ. ಬೀಗ ಬೀಳದ ಕಾಲು ನೋಡಲು ನೆಟ್ಟಗೇ ಇರುತ್ತದೆ, ಭಾರ ಬಿದ್ದಾಗ ಮಡಚಿಕೊಳ್ಳುತ್ತದೆ.

ಇಷ್ಟರಲ್ಲಿ ಐವತ್ತು ನಿಮಿಷ ಆಗಿತ್ತು. ಇನ್ನೂ ಸುತ್ತಬಹುದಿತ್ತು. ಇಂಧನ ಕಡಿಮೆಯಾದಷ್ಟೂ ಬೆಂಕಿಯ ಭಯ ಕಡಿಮೆ, ವಿಮಾನ ಹಗುರ, ಇಳಿಯುವ ವೇಗವೂ ಕಡಿಮೆ. ಆದರೆ ಅದಕ್ಕೊಂದು ಗೆರೆ ಹಾಕಿಕೊಳ್ಳಬೇಕು, ಮೊದಲೇ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಯುನೈಟೆಡ್ 173 ಅನ್ನುವ ಡಿಸಿ-8 ವಿಮಾನ ಚಕ್ರದ ತೊಂದರೆಗಾಗಿ ಸುಮಾರು ಒಂದು ಗಂಟೆ ಸುತ್ತಿತು. ಪ್ರಯಾಣಿಕರನ್ನು ಸಿದ್ಧ ಮಾಡುವುದು, ಎಲ್ಲ ಸರಿ ಇದೆಯಾ ಅಂತ ಮತ್ತೆ ಮತ್ತೆ ನೋಡುವುದು, ಇದರಲ್ಲೇ ಇಂಧನ ಮುಗಿದುಹೋಯಿತು. ಒಂದೊಂದೇ ಎಂಜಿನ್ ನಿಂತು, ರನ್‌ವೇ ತಲುಪುವ ಮೊದಲೇ ಬಿದ್ದಿತು. ಹತ್ತು ಜನ ಸತ್ತರು. ಕಾಕ್‌ಪಿಟ್ಟಿನಲ್ಲಿ ಒಬ್ಬರಿಗೊಬ್ಬರು ಹೇಗೆ ಮಾತಾಡಬೇಕು, ಕೆಲಸ ಹೇಗೆ ಹಂಚಿಕೊಳ್ಳಬೇಕು ಅನ್ನುವ ತರಬೇತಿ ಏರ್‌ಲೈನ್‌ಗಳಲ್ಲಿ ಶುರುವಾಗಲು ಆ ಅಪಘಾತ ದೊಡ್ಡ ಕಾರಣ. ನಾನು ಟವರಿಗೆ ಗಡಿಯಾರ ನೋಡಿ ಹೇಳಿದೆ: ಇನ್ನು ಇಪ್ಪತ್ತು ನಿಮಿಷಕ್ಕೆ ಇಳಿಯುತ್ತೇನೆ, ಏನೇ ಆಗಲಿ.

ಆ ಇಪ್ಪತ್ತು ನಿಮಿಷವನ್ನು ತಯಾರಿಗೆ ಬಳಸಿದೆವು. ಮೂತಿಯ ಭಾರ ಕಡಿಮೆ ಮಾಡಲು ತಂಗಿಯನ್ನು ಹಿಂದಿನ ಸೀಟಿಗೆ ಕಳಿಸುವ ಯೋಚನೆ ಬಂತು. ಹಿಂದೆ ಭಾರವಿದ್ದರೆ ಮೂತಿಯನ್ನು ಇನ್ನೂ ಸ್ವಲ್ಪ ಹೊತ್ತು ಎತ್ತಿ ಹಿಡಿಯಬಹುದು. ಆದರೆ ನಮ್ಮ ವಿಮಾನಕ್ಕೆ ಇರುವುದು ಒಂದೇ ಬಾಗಿಲು, ಅದೂ ಮುಂದಿನ ಬಲ ಸೀಟಿನ ಪಕ್ಕ. ಜಾರಿ ನಿಂತ ಮೇಲೆ ಅವಳು ಮೊದಲು ಹೊರಗೆ ಹೋಗಬೇಕು, ಅವಳ ಹಿಂದೆ ನಾನು. ಅವಳನ್ನು ಅಲ್ಲೇ ಬಿಟ್ಟೆ, ಬ್ಯಾಗುಗಳನ್ನು ಮಾತ್ರ ಹಿಂದಕ್ಕೆ ತಳ್ಳಿ ಬಿಗಿದೆವು. ಅವಳ ಕನ್ನಡಕ, ನನ್ನ ಜೇಬಿನ ಪೆನ್ನು, ನೀರಿನ ಬಾಟಲಿ ಎಲ್ಲ ಒಳಗೆ. ಇಳಿಯುವ ಮೊದಲು ಬಾಗಿಲ ಚಿಲಕ ತೆಗೆದು, ಸಂದಿಯಲ್ಲಿ ಮಡಚಿದ ಜಾಕೆಟ್ ಇಡಬೇಕು ಅಂತ ಅವಳಿಗೆ ಎರಡು ಸಲ ಹೇಳಿಸಿದೆ. ಬಡಿತಕ್ಕೆ ವಿಮಾನದ ಮೈ ಸೊಟ್ಟಗಾದರೆ ಮುಚ್ಚಿದ ಬಾಗಿಲು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ರನ್‌ವೇ ಪಕ್ಕದಲ್ಲಿ ಹುಲ್ಲು ಇತ್ತು. ಹುಲ್ಲು ಮೆತ್ತಗೆ ಅಲ್ವಾ, ಅಲ್ಲಿ ಇಳಿಸು ಅಂದಳು. ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಮೆತ್ತಗಿನ ನೆಲದಲ್ಲಿ ಮೂತಿ ಹೂತುಕೊಂಡರೆ ವಿಮಾನ ಒಮ್ಮೆಲೇ ನಿಲ್ಲುತ್ತದೆ, ಪಲ್ಟಿಯೂ ಹೊಡೆಯಬಹುದು. ಗಟ್ಟಿ ರನ್‌ವೇ ಮೇಲೆ ಕಿಡಿ ಹಾರುತ್ತದೆ, ಸದ್ದು ಬರುತ್ತದೆ, ಆದರೆ ಜಾರುತ್ತದೆ. ಮೆಲ್ಲಗೆ ನಿಲ್ಲುವುದೇ ನಮಗೆ ಬೇಕಾದದ್ದು.

ಎಂಜಿನ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಕೆಲವರು ಇಳಿಯುವ ಮೊದಲೇ ಗಾಳಿಯಲ್ಲಿ ಎಂಜಿನ್ ಆರಿಸಿ, ಪ್ರೊಪೆಲ್ಲರ್ ನಿಲ್ಲಲಿ ಅಂತ ಮೂತಿ ಎತ್ತಿ ವೇಗ ಕಳೆದು, ಆಮೇಲೆ ಸ್ಟಾರ್ಟರ್ ಮುಟ್ಟಿ ಮುಟ್ಟಿ ಅದನ್ನು ಅಡ್ಡಕ್ಕೆ ತಂದು ನಿಲ್ಲಿಸುತ್ತಾರೆ. ಪ್ರೊಪೆಲ್ಲರ್ ನೆಲಕ್ಕೆ ತಾಗದಿದ್ದರೆ ಎಂಜಿನ್ ಬಿಚ್ಚಿಸುವ ಖರ್ಚು ಉಳಿಯುತ್ತದೆ ಅಂತ. ಕೆಲವರಿಗೆ ಅದು ಸರಿಯಾಗಿಯೂ ಆಗಿದೆ. ಆದರೂ ಬೇಡ. ರನ್‌ವೇ ಮುಟ್ಟುವ ಕೊನೆಯ ಗಳಿಗೆಯಲ್ಲಿ ಗಾಳಿ ತಳ್ಳಿದರೆ, ಲೆಕ್ಕ ತಪ್ಪಿದರೆ, ಥ್ರಾಟಲ್ ಕೊಟ್ಟು ಮತ್ತೆ ಮೇಲೇರುವ ದಾರಿಯೇ ಇರುವುದಿಲ್ಲ. ಆ ಹೊತ್ತಿನಲ್ಲಿ ಸ್ಟಾರ್ಟರ್ ಮುಟ್ಟುವ ಕೈ ವಿಮಾನ ಹಾರಿಸುತ್ತಿರುವುದಿಲ್ಲ. ವಿಮಾನ ಉಳಿಸಲು ಹೋಗಿ ಒಳಗಿರುವವರನ್ನು ಪಣಕ್ಕಿಡಬಾರದು. ನನ್ನ ಪಕ್ಕದಲ್ಲಿ ತಂಗಿ ಕೂತಿದ್ದಳು.

ಇಳಿದದ್ದನ್ನು ಹೇಳಲು ಹೆಚ್ಚೇನಿಲ್ಲ. ರೆಕ್ಕೆಯ ಹಿಂದಂಚಿನ ಫ್ಲಾಪ್ ಪೂರ್ತಿ ಕೆಳಗೆ, ರನ್‌ವೇ ನಡುಗೆರೆ, ಆದಷ್ಟು ನಿಧಾನ. ಹಾರ್ನ್ ಕಿವಿಯಲ್ಲಿ ಕೂಗುತ್ತಲೇ ಇತ್ತು. ಹಿಂದಿನ ಚಕ್ರಗಳು ಮುಟ್ಟಿದವು. ಮಿಕ್ಸ್ಚರ್ ಎಳೆದು ಎಂಜಿನ್ ಆರಿಸಿದೆ, ಇಂಧನದ ಕೀಲಿ ಮುಚ್ಚಿದೆ, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಆರಿಸಿದೆ. ಬ್ರೇಕ್ ಮುಟ್ಟಲಿಲ್ಲ, ಬ್ರೇಕ್ ಒತ್ತಿದರೆ ಮೂತಿ ಬೀಳುತ್ತದೆ. ಸ್ಟಿಯರಿಂಗನ್ನು ಹೊಟ್ಟೆಗೆ ತಾಗುವವರೆಗೂ ಎಳೆದು ಹಿಡಿದು ಮೂತಿಯನ್ನು ಎತ್ತಿಯೇ ಇಟ್ಟೆ. ಬಾಲದ ರೆಕ್ಕೆಗೆ ಗಾಳಿ ಸಿಗುವವರೆಗೂ ಅದು ನಿಂತಿರುತ್ತದೆ. ಆಮೇಲೆ ವೇಗ ಇಳಿದಂತೆ ಅದು ತಾನಾಗಿ ಬಗ್ಗಿತು. ಮುಂದಿನ ಚಕ್ರ ರನ್‌ವೇ ಮುಟ್ಟಿತು, ಒಂದೆರಡು ಸೆಕೆಂಡು ಭಾರ ತಡೆಯಿತು. ನಿಂತೇಬಿಡುತ್ತದೇನೋ ಅಂದುಕೊಂಡೆ. ಆಗ ಮಡಚಿತು.

ಆ ಸದ್ದನ್ನು ಹೇಗೆ ಹೇಳಲಿ. ದೊಡ್ಡ ತಗಡನ್ನು ಕಲ್ಲಿನ ಮೇಲೆ ಎಳೆದಂತೆ. ಪ್ರೊಪೆಲ್ಲರಿನ ತುದಿ ನೆಲಕ್ಕೆ ಬಡಿದು ಮುದುಡಿತು, ಒಂದು ಅಲಗು ಹಿಂದಕ್ಕೆ ಬಾಗಿ ನಮ್ಮ ಕಣ್ಣೆದುರೇ ನಿಂತಿತು. ಸ್ವಲ್ಪ ಎಡಕ್ಕೆ ತಿರುಗಿ ಜಾರಿ ನಿಂತೆವು. ಮಾಸ್ಟರ್ ಸ್ವಿಚ್ ಆರಿಸಿದೆ. ತಂಗಿ ಆಗಲೇ ರೆಕ್ಕೆಯ ಮೇಲಿದ್ದಳು. ಇಬ್ಬರೂ ಓಡಿದೆವು. ಅಗ್ನಿಶಾಮಕದವರು ನಮಗಿಂತ ಮೊದಲು ಅಲ್ಲಿದ್ದರು. ಬೆಂಕಿ ಇರಲಿಲ್ಲ, ಇಂಧನ ಸೋರಿರಲಿಲ್ಲ. ತಂಗಿಯ ಮೊಣಕೈಗೆ ಬಾಗಿಲು ತಗುಲಿ ತರಚಿತ್ತು. ಅವಳ ಕೈಯಲ್ಲಿ ಇನ್ನೂ ಆ ಕೈಪಿಡಿ ಇತ್ತು.

ತಪ್ಪು ಎಲ್ಲಿತ್ತು ಅನ್ನುವುದು ಹತ್ತು ದಿನದ ಮೇಲೆ ಗೊತ್ತಾಯಿತು. ಮುಂದಿನ ಕಾಲನ್ನು ಮುಂದಕ್ಕೆ ಎಳೆದು ಬೀಗ ಬೀಳಿಸುವ ಸ್ಪ್ರಿಂಗ್ ಎರಡು ತುಂಡಾಗಿತ್ತು. ಮುರಿದ ಜಾಗದಲ್ಲಿ ಅರ್ಧ ಹಳೆಯ ತುಕ್ಕು, ಅರ್ಧ ಹೊಸ ಹೊಳಪು, ಅಂದರೆ ಬಿರುಕು ಎಷ್ಟೋ ದಿನದಿಂದ ಇತ್ತು. ಕಾಲಿನ ಕೀಲುಗಳಲ್ಲಿ ಗ್ರೀಸ್ ಒಣಗಿ ಗಟ್ಟಿಯಾಗಿತ್ತು. ಸ್ಪ್ರಿಂಗ್ ಚೆನ್ನಾಗಿದ್ದಿದ್ದರೆ ಒಣಗಿದ ಕೀಲನ್ನು ತಳ್ಳಿಕೊಂಡು ಹೋಗುತ್ತಿತ್ತು, ಕೀಲು ನಯವಾಗಿದ್ದಿದ್ದರೆ ಸ್ಪ್ರಿಂಗ್ ಇಲ್ಲದೆಯೂ ನಿಧಾನ ವೇಗದಲ್ಲಿ ಬೀಗ ಬೀಳುತ್ತಿತ್ತೇನೋ. ಎರಡೂ ಒಟ್ಟಿಗೆ ಬಂದವು.

ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆ ಆಗಿ ನಾಲ್ಕೇ ತಿಂಗಳಾಗಿತ್ತು. ಅದರಲ್ಲಿ ವಿಮಾನವನ್ನು ಜಾಕ್ ಮೇಲೆ ಎತ್ತಿ ಚಕ್ರಗಳನ್ನು ಏರಿಸಿ ಇಳಿಸಿ ನೋಡಿದ್ದರು, ನಾನೂ ಅಲ್ಲಿದ್ದೆ, ಮೂರೂ ದೀಪ ಹತ್ತಿದ್ದವು. ಮುರಿದ ಸ್ಪ್ರಿಂಗ್ ಸಿಕ್ಕ ಮೇಲೆ ಮೆಕ್ಯಾನಿಕ್ ಹೇಳಿದ ಮಾತು ಕೇಳಿ ನಾನು ಸುಮ್ಮನೆ ನಿಂತುಬಿಟ್ಟೆ. ಜಾಕ್ ಮೇಲೆ ಗಾಳಿ ಇರುವುದಿಲ್ಲ, ಅಂದರು. ಒಳಗೆ ನಿಂತ ವಿಮಾನದ ಮುಂದಿನ ಕಾಲನ್ನು ಹಿಂದಕ್ಕೆ ತಳ್ಳುವ ಗಾಳಿ ಇಲ್ಲ. ಸೋತ ಸ್ಪ್ರಿಂಗ್ ಕೂಡ ಅಲ್ಲಿ ಪಾಸಾಗುತ್ತದೆ. ನಾವು ಪರೀಕ್ಷೆ ಮಾಡಿದ್ದು ಚಕ್ರ ಎಂದೂ ಇಳಿಯದ ಪರಿಸ್ಥಿತಿಯಲ್ಲಿ.

ಚಕ್ರವಿಲ್ಲದೆ ಇಳಿದವರ ಬಗ್ಗೆ ಜನ ಆಡುವ ಮಾತು ನನಗೆ ನೋವು ಕೊಡುತ್ತದೆ. ಸಣ್ಣ ವಿಮಾನಗಳಲ್ಲಿ ಚಕ್ರ ಕೆಟ್ಟು ಹೊಟ್ಟೆ ಮೇಲೆ ಇಳಿದವರಿಗಿಂತ ಚಕ್ರ ಇಳಿಸುವುದನ್ನು ಮರೆತು ಇಳಿದವರೇ ಜಾಸ್ತಿ, ನಿಜ. ಮರೆಯಬಾರದು ಅಂತಲೇ ಆ ಲಿವರಿನ ಗುಬುಟನ್ನು ಚಕ್ರದ ಆಕಾರದಲ್ಲಿ, ಫ್ಲಾಪಿನದ್ದನ್ನು ರೆಕ್ಕೆಯ ಆಕಾರದಲ್ಲಿ ಮಾಡುತ್ತಾರೆ, ಕತ್ತಲಲ್ಲೂ ಕೈಗೆ ತಿಳಿಯಲಿ ಅಂತ. ಹಾರ್ನ್ ಇಡುತ್ತಾರೆ. ಹಳೆಯ ಆ್ಯರೋಗಳಲ್ಲಿ ವೇಗ ಇಳಿದರೆ ಚಕ್ರ ತಾನಾಗಿಯೇ ಇಳಿಯುವ ವ್ಯವಸ್ಥೆಯೂ ಇತ್ತು. ಇಷ್ಟಾದರೂ ಮರೆಯುತ್ತಾರೆ, ಯಾಕೆಂದರೆ ಆ ಹೊತ್ತಿಗೆ ಇನ್ಯಾವುದೋ ಅವರ ಗಮನ ಎಳೆದಿರುತ್ತದೆ, ಎದುರು ಬಂದ ಬೇರೆ ವಿಮಾನ, ರೇಡಿಯೋ, ಅಡ್ಡಗಾಳಿ. ನನ್ನ ಗಮನವನ್ನು ಒಂದು ಬಲ್ಬು ಎಳೆದ ಹಾಗೆಯೇ. ಅವರಿಗೂ ನನಗೂ ನಡುವೆ ನನಗೆ ಹೆಚ್ಚು ದೂರ ಕಾಣುವುದಿಲ್ಲ. ಅವರು ನಾಚಿಕೊಂಡು ಬಾಯಿ ಮುಚ್ಚಿಕೊಳ್ಳುವ ಬದಲು ಆ ದಿನ ಏನಾಯಿತು ಅಂತ ಹೇಳಿದರೆ ಎಷ್ಟೋ ಜನಕ್ಕೆ ಉಪಯೋಗ.

ವಿಮಾನ ಏಳು ತಿಂಗಳು ಹಾರಲಿಲ್ಲ. ಹೊಸ ಪ್ರೊಪೆಲ್ಲರ್ ಬಂತು, ಎಂಜಿನ್ ಪೂರ್ತಿ ಬಿಚ್ಚಿ ನೋಡಿ ಜೋಡಿಸಿದರು, ಮೂತಿಯ ತಗಡು, ಮುಂದಿನ ಕಾಲು ಎಲ್ಲ ಹೊಸದು. ಮೂರು ಜನ ಪಾಲುದಾರರೂ ಸೇರಿ ಒಂದು ತೀರ್ಮಾನ ಮಾಡಿದೆವು, ಆ ಸ್ಪ್ರಿಂಗನ್ನು ಚೆನ್ನಾಗಿ ಕಂಡರೂ ಕಾಣದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸುವುದು, ಕೀಲಿಗೆ ಪ್ರತಿ 50 ಗಂಟೆಗೆ ಗ್ರೀಸ್.

ಮತ್ತೆ ಹಾರುವ ಮೊದಲು ಜಾಕ್ ಮೇಲೆ ಎತ್ತಿ ಚಕ್ರ ಪರೀಕ್ಷೆ ಮಾಡುವ ದಿನ ತಂಗಿಯೂ ಬಂದಿದ್ದಳು. ಅವಳು ಒಳಗೆ ಕೂತು ದೀಪ ನೋಡುತ್ತಿದ್ದಳು. ಮೆಕ್ಯಾನಿಕ್ ಮುಂದಿನ ಚಕ್ರದ ಎದುರು ದೂರ ನಿಂತು, ಉದ್ದನೆಯ ಕೋಲಿನ ತುದಿಗೆ ರಬ್ಬರ್ ಸುತ್ತಿ, ಕಾಲು ಇಳಿದು ಬರುವಾಗ ಅದನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಿದ್ದರು, ಗಾಳಿ ಒತ್ತುವ ಹಾಗೆ. ಕಾಲು ಕೋಲನ್ನು ತಳ್ಳಿಕೊಂಡು ಮುಂದೆ ಬಂದು ಟಕ್ ಅಂತ ಕೂತಿತು.

"ಬಂತು ಅಣ್ಣಾ," ಅಂತ ಒಳಗಿಂದ ಕೂಗಿದಳು.

ಮೆಕ್ಯಾನಿಕ್ ಕೋಲನ್ನು ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿದುಕೊಂಡು, "ಇನ್ನೊಂದು ಸಲ ಎತ್ತಿ," ಅಂದರು.